ಚಿಕಿತ್ಸೆಯ ಕೊಳ ಮತ್ತು ಜೀವದಯೆ

ನಡೆಯಲಾರದ ಪ್ರಾಣಿಯನ್ನು ನೀರಿನಲ್ಲಿ ಈಜಿಸಿ ಗುಣಪಡಿಸುವ ಚಿಕಿತ್ಸೆಯು ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ರೂಢಿಯಲ್ಲಿದೆ. ಸೊಂಟದ ಕೀಲು ಸವೆದ, ಬೆನ್ನುಹುರಿಗೆ ಪೆಟ್ಟಾದ, ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ನಾಯಿಗಳನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೊಳಕ್ಕೆ ಇಳಿಸುತ್ತಾರೆ. ನೀರೇ ದೇಹದ ಭಾರವನ್ನು ಹೊರುವುದರಿಂದ ಕೀಲಿಗೆ ಹೆಚ್ಚು ಶ್ರಮವಾಗದೆ ಸ್ನಾಯುಗಳು ಬಲಗೊಳ್ಳುತ್ತವೆ. ಇದು ಕರುಣೆಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನೀರನ್ನು ಶುದ್ಧವಾಗಿಡಲು ಸಾಮಾನ್ಯವಾಗಿ ಕ್ಲೋರಿನ್ ಬೆರೆಸುತ್ತಾರೆ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಒಂದು ಪಂಚೇಂದ್ರಿಯ ಜೀವದ ನೋವನ್ನು ಕಳೆಯಲು ಅಸಂಖ್ಯಾತ ಜೀವಗಳ ಘಾತವು ಯುಕ್ತವೇ? ನೀರನ್ನು ಸೋಸಿಯೇ ಬಳಸುವ ಶ್ರಾವಕನಿಗೆ ಈ ಪ್ರಶ್ನೆಯು ಸಹಜವಾದುದು.

ಹಾಗಾದರೆ ಏನನ್ನೂ ಬೆರೆಸದಿರುವುದೇ ಅಹಿಂಸೆಯೆಂದು ಕೆಲವರು ಹೇಳಬಹುದು. ಆದರೆ ಬೆಚ್ಚನೆಯ ನೀರಿಗೆ ರೋಮ, ಜೊಲ್ಲು, ಚರ್ಮದ ಜಿಡ್ಡು, ಮೂತ್ರಗಳು ಸೇರಿದರೆ ಜೀವೋತ್ಪತ್ತಿಯು ಮಿತಿಮೀರುತ್ತದೆ. ಸ್ಯೂಡೊಮೊನಾಸ್ ಎಂಬ ರೋಗಾಣುವು ನೆಲೆಗೊಂಡರೆ ಕಿವಿ, ಚರ್ಮ, ಗಾಯಗಳಿಗೆ ಸೋಂಕು ತಗಲುತ್ತದೆ. ಕೊನೆಗೆ ಕೊಳವನ್ನು ಬರಿದುಮಾಡಿ ತೀವ್ರವಾದ ಔಷಧದಿಂದ ತೊಳೆಯಬೇಕಾಗುತ್ತದೆ. ಉಪೇಕ್ಷೆಯು ಅಹಿಂಸೆಯ ವೇಷವನ್ನು ತೊಟ್ಟರೂ ಉಪೇಕ್ಷೆಯೇ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮುಂದಿಟ್ಟಿದೆ. ಈ ದೃಷ್ಟಿಯಿಂದ ನೋಡಿದರೆ ಕೊಳದ ಪಾಲಕನ ಧರ್ಮವು ಕ್ಲೋರಿನ್ ಬೆರೆಸುವುದಕ್ಕೆ ಮೊದಲೇ ಆರಂಭವಾಗುತ್ತದೆ. ಪ್ರಾಣಿಯ ಮೈಯನ್ನು ಬಾಚಿ, ತೊಳೆದು ಇಳಿಸಬೇಕು. ತೆರೆದ ಗಾಯವಾಗಲಿ ಭೇದಿಯಾಗಲಿ ಇದ್ದರೆ ಇಳಿಸಬಾರದು. ಮಲದಿಂದ ಹರಡುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿಯು ಕ್ಲೋರಿನ್ ನೀರಿನಲ್ಲಿಯೂ ದಿನಗಟ್ಟಲೆ ಬದುಕಬಲ್ಲುದು. ಮೂತ್ರದೊಡನೆ ಕ್ಲೋರಿನ್ ಕೂಡಿದಾಗ ಹುಟ್ಟುವ ಕ್ಲೋರಮೀನ್ ಕಣ್ಣುಗಳನ್ನು ಉರಿಸುತ್ತದೆ. ಶುದ್ಧಿಯ ವಾಸನೆಯೆಂದು ಜನರು ತಿಳಿಯುವುದು ಬಹುಮಟ್ಟಿಗೆ ಈ ಕಶ್ಮಲದ ವಾಸನೆಯೇ. ನೀರಿನ ಪಿಎಚ್ 7.5 ಇರುವಾಗ ಕ್ಲೋರಿನ್‌ನ ಸುಮಾರು ಅರ್ಧಭಾಗವು ಪ್ರಬಲ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೇರಿದರೆ ಅದು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಅಳೆದು ನೋಡದವನು ಅಗತ್ಯಕ್ಕಿಂತ ಹೆಚ್ಚು ಸುರಿಯುತ್ತಾನೆ. ಮುನ್ನೆಚ್ಚರಿಕೆ ಹೆಚ್ಚಿದಷ್ಟೂ ಘಾತವು ತಗ್ಗುತ್ತದೆ.

ಆದರೂ ಇಲ್ಲಿ ಹಿಂಸೆಯೇ ಇಲ್ಲವೆಂದುಕೊಳ್ಳುವುದು ಆತ್ಮವಂಚನೆ. ಶ್ರಾವಕನು ಸೋಸುಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ಸೇದಿದ ಬಾವಿಗೇ ಮೆಲ್ಲನೆ ಮರಳಿಸುತ್ತಾನೆ. ಕೊಳದ ಮರಳುಶೋಧಕದಲ್ಲಿ ಸಿಕ್ಕಿದುದನ್ನು ಹಾಗೆ ಮರಳಿಸಲಾಗದು. ಕ್ಲೋರಿನ್ ಬೆರೆತ ನೀರನ್ನು ಹೊಳೆಗೆ ಬಿಟ್ಟರೆ ಮೀನುಗಳು ಸಾಯುತ್ತವೆ. ಅಡುಗೆ, ಬೇಸಾಯಗಳಂತೆ ಇದೂ ಗೃಹಸ್ಥನ ಆರಂಭೀ ಹಿಂಸೆಯೇ. ಅದನ್ನು ತಗ್ಗಿಸಬಹುದೇ ಹೊರತು ಅಲ್ಲಗಳೆಯುವಂತಿಲ್ಲ.

ಆದುದರಿಂದ ಪ್ರಯೋಜನದ ವಿವೇಕವು ಅತ್ಯವಶ್ಯ. ನೋವಿನಿಂದ ನರಳುವ ಪ್ರಾಣಿಯನ್ನು ನಡೆಯಿಸಲು ಬೇಕಾದಷ್ಟು ನೀರು, ಬೇಕಾದಷ್ಟು ಔಷಧ, ಬೇಕಾದಷ್ಟು ದಿನ ಇರಲಿ. ಅದೇ ಕೊಳವನ್ನು ಒಡೆಯನ ವಿನೋದಕ್ಕಾಗಿ ತೆರೆದರೆ ಅದು ಅನರ್ಥದಂಡವಾಗುತ್ತದೆ. ನೀರೂ ಔಷಧವೂ ಎರಡು ಕಡೆಯೂ ಒಂದೇ. ವ್ರತವನ್ನು ಉಳಿಸುವುದೂ ಕೆಡಿಸುವುದೂ ಅವುಗಳನ್ನು ಬಳಸುವವನ ಉದ್ದೇಶ ಮತ್ತು ಎಚ್ಚರ.