ಬಂದರಿನ ಇನ್ನೊಂದು ತುದಿ

ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾ ಎಂಬ ಬಂದರು ನಗರದಲ್ಲಿದ್ದ ಟಾಲೆಮಿ, ತನ್ನ ಕಾಲಕ್ಕೆ ತಿಳಿದಿದ್ದ ಜಗತ್ತಿನ ಸುಮಾರು 8,000 ಸ್ಥಳಗಳನ್ನು ಗ್ರೀಕ್ ಭಾಷೆಯಲ್ಲಿ ಪಟ್ಟಿ ಮಾಡಿದ. ಅದರಲ್ಲಿ ‘ಇಂಡೆ’ ಇದೆ, ‘ಹಿಪ್ಪೊಕೌರ’ ಇದೆ, ‘ಮೊದೊಗೌಲ್ಲ’ ಇದೆ. ಇವು ನಮ್ಮ ಇಂಡಿ, ಬಸವನ ಬಾಗೇವಾಡಿ ಸೀಮೆಯ ಹೂವಿನ ಹಿಪ್ಪರಗಿ, ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಸಿಗುವ ಮುದಗಲ್ಲು ಎಂದು ಗುರುತಿಸಿದ ವಿದ್ವಾಂಸರಿದ್ದಾರೆ. ಹಿಪ್ಪೊಕೌರ ಕೊಲ್ಲಾಪುರವೇ ಎನ್ನುವವರೂ ಇದ್ದಾರೆ. ಆ ವಾದ ಅವರಿಗಿರಲಿ. ನನ್ನನ್ನು ಕಾಡುವುದು ಬೇರೆ. ಟಾಲೆಮಿ ಇತ್ತ ಬಂದವನಲ್ಲ. ನಾವಿಕರೂ ವರ್ತಕರೂ ಹೇಳಿದ್ದನ್ನು ಕೂಡಿಸಿ ಬರೆದವನು. ನಾವಿಕನಿಗಾದರೂ ಈ ಎರೆಭೂಮಿಯ ಊರಿನ ಹೆಸರನ್ನು ಹೇಳಿದವರು ಯಾರು?

ಟಾಲೆಮಿಗಿಂತ ಮೊದಲೇ, ಒಂದನೆಯ ಶತಮಾನದಲ್ಲಿ, ಹೆಸರು ತಿಳಿಯದ ಗ್ರೀಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಕಡಲಹಾದಿಯ ಪುಸ್ತಕದಲ್ಲಿ ಇದಕ್ಕೊಂದು ಸುಳಿವಿದೆ. ಪೈಠಣದಿಂದಲೂ ತಗರದಿಂದಲೂ ಸರಕು ಭರೂಚದ ಬಂದರಿಗೆ ಗಾಡಿಗಳ ಮೇಲೆ ಬರುತ್ತಿತ್ತು, ದಾರಿಯೇ ಇಲ್ಲದ ಸೀಮೆಗಳನ್ನು ದಾಟಿ ಬರುತ್ತಿತ್ತು ಎನ್ನುತ್ತಾನೆ ಅವನು. ಭರೂಚದಿಂದ ಪೈಠಣ 20 ದಿನದ ಹಾದಿ. ಅಲ್ಲಿಂದ ಪೂರ್ವಕ್ಕೆ ತಗರ ಇನ್ನೂ 10 ದಿನ. ತಗರವೆಂದರೆ ಇಂದಿನ ತೇರ್, ಸೊಲ್ಲಾಪುರದಾಚೆ ಧಾರಾಶಿವ ಜಿಲ್ಲೆಯಲ್ಲಿದೆ. ಅಲ್ಲಿಂದ ಬಂದರಿಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಅರಿವೆ. ಗಾಡಿ ಹೊಡೆದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಊರಿನ ಹೆಸರು ಮಾತ್ರ ಹಡಗು ಹತ್ತಿತು.

ಬಂದರು ಎಂದೊಡನೆ ನಮ್ಮ ಕಣ್ಣು ನೀರಿನ ಕಡೆಗೇ ಓಡುತ್ತದೆ. ಗ್ರೀಸಿನ ಹೈದ್ರಾ ದ್ವೀಪಕ್ಕೆ ಜನ ಹೋಗುವುದೂ ನೀರು ನೋಡಲಿಕ್ಕೆ, ಆ ನೀರಿನ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಲ್ಲಿನ ಮನೆಗಳನ್ನು ನೋಡಲಿಕ್ಕೆ. ಅಲ್ಲಿ ಕಾರು ಓಡಾಡುವಂತಿಲ್ಲ. ದೋಣಿಯಿಂದಿಳಿದ ಸಾಮಾನನ್ನು ಇಂದಿಗೂ ಕತ್ತೆ, ಹೇಸರಗತ್ತೆಗಳೇ ಮೇಲೆ ಹೊರುತ್ತವೆ. ದ್ವೀಪ ಬರಡು ಬಂಡೆ. ಕುಡಿಯುವ ನೀರನ್ನೂ ಬಹುಕಾಲ ಹೊರಗಿನಿಂದ ಹಡಗಿನಲ್ಲಿ ತಂದರು. ನೆಲ ಅನ್ನ ಕೊಡದ್ದರಿಂದಲೇ ಅಲ್ಲಿಯವರು ಕಡಲಿಗಿಳಿದರು. ಸಿಂದಗಿ, ಇಂಡಿಯ ಬರಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಲ್ಲಾಪುರದ ಬ್ರಹ್ಮಪುರಿಯಲ್ಲಿ 1940ರ ದಶಕದಲ್ಲಿ ನೆಲ ಅಗೆದಾಗ ಗ್ರೀಕರ ಸಮುದ್ರದೇವತೆ ಪೊಸೈಡನ್ನನ ಪುಟ್ಟ ಕಂಚಿನ ವಿಗ್ರಹ ಸಿಕ್ಕಿತು. ಅದನ್ನು ಕೊಂಡವರು ಯಾರೋ, ಎದುರಿಗೆ ಕೈ ಮುಗಿದರೋ ಇಲ್ಲವೋ. ಅದು ಸಿಕ್ಕಿದ್ದು ಪಂಚಗಂಗೆಯ ದಂಡೆಯಲ್ಲಿ. ಪಂಚಗಂಗೆ ಕೃಷ್ಣೆಗೆ ಸೇರುತ್ತದೆ, ಕೃಷ್ಣೆ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚು ಹಿಡಿದು ಹರಿಯುತ್ತದೆ. ಕಡಲು ನೋಡದವರ ನಾಡಿನೊಳಕ್ಕೆ ಕಡಲ ದೇವರು ಇಷ್ಟು ದೂರ ಬಂದಿದ್ದಾನೆಂದರೆ, ಬಂದರು ದಂಡೆಯಲ್ಲೇ ಮುಗಿಯುತ್ತಿರಲಿಲ್ಲ ಎಂದಾಯಿತು. ಅದರ ಇನ್ನೊಂದು ತುದಿ ಚಕ್ಕಡಿಯ ಜಾಡಿನಲ್ಲಿ, ಹತ್ತಿಯ ಹೊಲದಲ್ಲಿ, ನೂಲುವವರ ಕೈಯಲ್ಲಿ ಇತ್ತು.

ಆ ತುದಿ ಈಗಲೂ ಇದೆ. ಸರಕಿನ ಬದಲು ಜನ ಹೋಗುತ್ತಾರೆ, ಅಷ್ಟೆ. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ವಾಸ್ಕೋ, ಮುರ್ಮುಗಾವ್ ಬಂದರಿನ ಕಡೆಗೆ ವಿಜಯಪುರ ಜಿಲ್ಲೆಯಿಂದ ಗುಳೆ ಹೋದವರು ಎಷ್ಟೋ ಮಂದಿ. ಹೊರೆ ಹೊತ್ತರು, ರಸ್ತೆ ಹಾಕಿದರು, ಅಲ್ಲಿನ ಬೈನಾ ಕಡಲತೀರದ ಮರಳಿನ ಮೇಲೆ ಗುಡಿಸಲು ಕಟ್ಟಿಕೊಂಡರು. 2004ರಲ್ಲಿ ಆ ಬೈನಾದ ಕನ್ನಡಿಗರ ಎಷ್ಟೋ ಮನೆಗಳು ನೆಲಸಮವಾದವು. ಹೈದ್ರಾದಲ್ಲಿ ಹಡಗಿನ ಒಡೆಯರ ಮನೆಗಳನ್ನು ಕಾಪಾಡಿಕೊಂಡಿದ್ದಾರೆ, ಪ್ರವಾಸಿಗರು ಅವುಗಳೆದುರು ನಿಲ್ಲುತ್ತಾರೆ. ಬಂದರು ದುಡಿಸಿಕೊಂಡ ಎಲ್ಲರಿಗೂ ಬಂದರಿನಲ್ಲಿ ಗುರುತು ಉಳಿಯುವುದಿಲ್ಲ. ಇದು ನನಗೆ ತೀರಾ ನೋವಿನ ಸಂಗತಿ.

ಗುರುತು ಉಳಿದಿರುವುದು ಬೇರೆ ಕಡೆ. ಮುದ್ದೇಬಿಹಾಳದ ಹಳ್ಳಿಗಳಲ್ಲಿ ಮಣ್ಣಿನ ಮನೆಗಳ ನಡುವೆ ಒಂದೊಂದು ಆರ್‌ಸಿಸಿ ಮನೆ ಕಾಣುತ್ತದೆ: ಗೋವಾದ ದುಡಿಮೆಯಲ್ಲಿ ಎದ್ದದ್ದು, ವರ್ಷದ ಬಹುಪಾಲು ಬೀಗ ಹಾಕಿದ್ದು, ಇಲ್ಲವೇ ಮುದುಕರಿಬ್ಬರು ಕಾಯುತ್ತಿರುವುದು. ಜಾತ್ರೆಗೆ ಆ ಬೀಗ ತೆಗೆಯುತ್ತಾರೆ. ಬಂದವರನ್ನು ನಾವು ಕೇಳುವುದು ಪಗಾರ ಎಷ್ಟು, ಬಾಡಿಗೆ ಎಷ್ಟು ಎಂದು. ಹಡಗು ದಂಡೆಗೆ ಬಂದು ನಿಲ್ಲುವಾಗ ಹೇಗೆ ಕಾಣುತ್ತದೆ, ಮೊದಲ ಸಲ ಕಡಲು ಕಂಡ ರಾತ್ರಿ ನಿದ್ದೆ ಬಂತೇ ಎಂದು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದವರು ಕಡಿಮೆ. ಕೇಳಿದರೆ ಅವರು ಹೇಳುತ್ತಾರೆ.