ರಜೆಯ ಹತ್ತು ದಿನ

ಬೇಸಿಗೆ ರಜೆ ಬಂತೆಂದರೆ ಹೈಸ್ಕೂಲಿನ ಕಂಪ್ಯೂಟರ್ ಕೋಣೆಗೆ ಬೀಗ ಬೀಳುತ್ತದೆ. ಶಾಲೆ ನಡೆಯುವ ದಿನಗಳಲ್ಲಾದರೂ ಆ ಬೀಗ ಎಷ್ಟು ಸಲ ತೆರೆಯುತ್ತದೆ? ಪಾಠ ಮುಗಿಸಬೇಕು, ಎಸ್‌ಎಸ್‌ಎಲ್‌ಸಿ ಫಲಿತಾಂಶ ಏರಿಸಬೇಕು. ನಡುವೆ ಒಂದು ಪೀರಿಯಡ್ ಸಿಕ್ಕರೂ ಒಂದೊಂದು ಯಂತ್ರದ ಸುತ್ತ ಆರೇಳು ಮಕ್ಕಳು. ಮುಂದೆ ಕೂತವನ ಕೈಗೆ ಮೌಸ್, ಉಳಿದವರಿಗೆ ಬರೀ ನೋಟ. ಹಿಂದೆ ನಿಂತು ಇಣುಕುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅದಕ್ಕೇ ಹೇಳುತ್ತಿದ್ದೇನೆ: ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹೈಸ್ಕೂಲು ಮಕ್ಕಳಿಗೆ ದಸರಾ ರಜೆಯಲ್ಲೋ ಬೇಸಿಗೆಯಲ್ಲೋ ಹತ್ತು ದಿನದ ಕಂಪ್ಯೂಟರ್ ಶಿಬಿರ ಬೇಕು. ಭಾಷಣ ಬೇಡ, ಪ್ರೊಜೆಕ್ಟರ್ ಬೇಡ. ಇಬ್ಬರಿಗೊಂದು ಯಂತ್ರ, ಇಬ್ಬರ ಕೈಗೂ ಸರದಿ.

ಕೈಯಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಒಂದು ತ್ರಿಕೋನ ಸಾಕು. ಅಮೆರಿಕದ ಎಂಐಟಿಯವರು 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಉಚಿತ ತಂತ್ರಾಂಶ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟಿಲ್ಲದೆಯೂ ನಡೆಯುತ್ತದೆ. ಅದರಲ್ಲಿ ಬೆಕ್ಕಿನ ಬೊಂಬೆಗೆ ಆಜ್ಞೆ ಕೊಟ್ಟು ಗೆರೆ ಎಳೆಸಬಹುದು. ನೂರು ಹೆಜ್ಜೆ ನಡೆ, 90 ಡಿಗ್ರಿ ತಿರುಗು, ನಾಲ್ಕು ಸಲ ಮಾಡು ಎಂದರೆ ಚೌಕ. ಈಗ ತ್ರಿಕೋನ ಬರೆಯಿರಿ ಎಂದರೆ, ಸಮಬಾಹು ತ್ರಿಕೋನದ ಕೋನ 60 ಎಂದು ಬಾಯಿಪಾಠ ಮಾಡಿದ ಮಗು 60 ಎಂದೇ ಬರೆಯುತ್ತದೆ. ಬೆಕ್ಕು ಮೂರು ಸಲ ನಡೆದು ಎಲ್ಲೋ ಹೋಗಿ ನಿಲ್ಲುತ್ತದೆ. “ಇದ್ಯಾಕ್ ಸಾ, ಕೂಡ್ಕತಾನೇ ಇಲ್ಲ?” ತೆರೆಯ ಮೇಲಿರುವುದು ಅರ್ಧ ಷಡ್ಭುಜ. ಮೇಷ್ಟ್ರು ಉತ್ತರ ಹೇಳಬಾರದು, ಎದ್ದು ನಿಂತು ನೆಲದ ಮೇಲೆ ನಡೆದು ನೋಡು ಅನ್ನಬೇಕು. ನಡೆದಾಗ ತಾನು ತಿರುಗುತ್ತಿರುವುದು ಒಳಕೋನದಷ್ಟಲ್ಲ, ಬಾಹ್ಯಕೋನದಷ್ಟು, ಅಂದರೆ 120 ಎಂದು ಮೈಗೇ ತಿಳಿಯುತ್ತದೆ. ಪುಸ್ತಕದಲ್ಲಿ ಓದಿ ಮರೆತ ಬಾಹ್ಯಕೋನ ಇನ್ನು ಮರೆಯುವುದಿಲ್ಲ. ಸೀಮರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲೇ ಲೋಗೋ ಎಂಬ ಭಾಷೆಯನ್ನು ಮಕ್ಕಳಿಗಾಗಿ ಕಟ್ಟಿದ್ದು ಇದಕ್ಕಾಗಿಯೇ. ಕಂಪ್ಯೂಟರು ಮಗುವಿಗೆ ಕಲಿಸುವುದಲ್ಲ, ಮಗು ಕಂಪ್ಯೂಟರಿಗೆ ಕಲಿಸಬೇಕು ಎಂಬುದು ಪೇಪರ್ಟರ ವಾದ. ತಪ್ಪಿ, ತಿದ್ದಿ, ಮತ್ತೆ ತಪ್ಪುವುದಕ್ಕೆ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎಡೆಯಿಲ್ಲ, ರಜೆಯಲ್ಲಿದೆ.

ಕೊಳ್ಳೇಗಾಲದ ಮಕ್ಕಳಿಗೆ ಈ ವಿದ್ಯೆ ಹೊರಗಿನದೆಂದು ಯಾರೂ ಹೇಳಬಾರದು. ರೇಷ್ಮೆ ಸೀರೆಗೆ ಹೆಸರಾದ ಊರು ಅದು. ಸೀರೆಯ ಅಂಚು, ಸೆರಗಿನ ಬುಟ್ಟಾ ತೆಗೆಯುವ ಜಕಾರ್ಡ್ ಮಗ್ಗವನ್ನು ಶಿಬಿರದ ಮಕ್ಕಳು ಒಮ್ಮೆ ಹತ್ತಿರದಿಂದ ನೋಡಬೇಕು. ಮಗ್ಗದ ತಲೆಯ ಮೇಲೆ ತೂತು ಕೊರೆದ ರಟ್ಟುಗಳ ಸರ. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ನಡುವೆ ಲಾಳಿ ಹಾಯುತ್ತದೆ. ಹೌದು ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ರಟ್ಟುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎರವಲು ಪಡೆದ. ಅಡಾ ಲವ್‌ಲೇಸ್ 1843ರಲ್ಲಿ ಆ ಯಂತ್ರದ ಬಗ್ಗೆ ಬರೆದ ಟಿಪ್ಪಣಿಯಲ್ಲಿ ಜಕಾರ್ಡ್ ಮಗ್ಗ ಹೂವು ಎಲೆ ನೇಯುವಂತೆ ಇದು ಬೀಜಗಣಿತವನ್ನು ನೇಯುತ್ತದೆ ಎಂದಳು. ನೇಕಾರರ ಮನೆಯ ಹುಡುಗಿ ಈ ಮಾತು ಕೇಳಿ ತಲೆಯೆತ್ತಿ ಕೂರುವುದನ್ನು ನಾನು ನೋಡಬೇಕು.

ಇದೆಲ್ಲ ಆಗುವ ಮಾತೇ ಅನ್ನುವವರು ಕಾಸರಗೋಡಿನ ಕಡೆ ನೋಡಲಿ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿತು. ಅದು ಮುಂದೆ ಕೈಟ್ ಎಂಬ ಸಂಸ್ಥೆಯಾಯಿತು. 2018ರಿಂದ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟಗಳು ನಡೆಯುತ್ತಿವೆ. ಆನಿಮೇಷನ್, ಪ್ರೋಗ್ರಾಮಿಂಗ್, ಎಲೆಕ್ಟ್ರಾನಿಕ್ಸ್ ಎಲ್ಲ ಅಲ್ಲಿವೆ, ರಜಾದಿನಗಳ ಶಿಬಿರಗಳೂ ಇವೆ. ಬಳಸುವುದು ಸ್ವತಂತ್ರ ತಂತ್ರಾಂಶ, ಆದ್ದರಿಂದ ಲೈಸೆನ್ಸಿಗೆ ಕಾಸು ಸುರಿಯಬೇಕಿಲ್ಲ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಗಡಿಯಾಚೆಯ ಕನ್ನಡದ ಮಗುವಿಗೆ ಸಿಕ್ಕಿದ್ದು ಕನ್ನಡನಾಡಿನ ಮಗುವಿಗೆ ಸಿಗುತ್ತಿಲ್ಲವೆಂದರೆ ನನಗೆ ಸಂಕಟವಾಗುತ್ತದೆ.

ಏನು ಮಾಡಿಸಬೇಕೆಂಬುದಕ್ಕೆ ಊರೇ ವಿಷಯ ಕೊಡುತ್ತದೆ. ರೇಷ್ಮೆ ಸಾಕಣೆಯಲ್ಲಿ ನೂರು ಮೊಟ್ಟೆ ಚಾಕಿಗೆ ಎಷ್ಟು ಸೊಪ್ಪು ಹೋಯಿತು, ಎಷ್ಟು ಕೆ.ಜಿ. ಗೂಡು ಬಂತು, ಮಾರುಕಟ್ಟೆಯ ಹರಾಜಿನಲ್ಲಿ ಎಷ್ಟಕ್ಕೆ ನಿಂತಿತು ಎಂದು ಅಪ್ಪ ಚೀಟಿಯಲ್ಲಿ ಬರೆದಿಟ್ಟದ್ದನ್ನು ಮಗಳು ಸ್ಪ್ರೆಡ್‌ಶೀಟಿಗೆ ಏರಿಸಲಿ. ಯಾವ ಬೆಳೆಯಲ್ಲಿ ಕೈ ಸುಟ್ಟಿತೆಂದು ಗ್ರಾಫ್ ತೋರಿಸಲಿ. ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟದಲ್ಲಿ ಆಟ್ರೀ ಎಂಬ ಪರಿಸರ ಸಂಸ್ಥೆಯ ಸಂಶೋಧಕರೂ ಅಲ್ಲಿನ ಸೋಲಿಗ ಬುಡಕಟ್ಟಿನವರೂ ಸೇರಿ, ಜಿಪಿಎಸ್ ಹಿಡಿದು ಕಾಡು ಸುತ್ತಿ, ಸೋಲಿಗರ ದೇವರ ತಾಣಗಳ ನಕ್ಷೆ ಮಾಡಿದ್ದಾರೆ. ಅಜ್ಜ ಹೇಳುವ ಹಳ್ಳದ ಹೆಸರು, ಕಲ್ಲಿನ ಹೆಸರುಗಳನ್ನು ಸೋಲಿಗರ ಪೋಡಿನ ಮಕ್ಕಳು ತಾವೇ ಕನ್ನಡದಲ್ಲಿ ಟೈಪ್ ಮಾಡಿ ನಕ್ಷೆಗೆ ಏರಿಸುವುದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಕಲಿಸುವವರು ಯಾರು? ಕೊಳ್ಳೇಗಾಲದಲ್ಲಿ ಡಿಗ್ರಿ ಕಾಲೇಜಿದೆ, ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಹುಡುಗ ಹುಡುಗಿಯರು ಇದೇ ಮಕ್ಕಳ ಅಣ್ಣ ಅಕ್ಕಂದಿರು. ಊಟದ ಮಾತಿಗೆ ಬಂದರೆ, 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳು ರಜೆಯಲ್ಲೂ ಬಿಸಿಯೂಟ ಬಡಿಸಿವೆ. ಅಡುಗೆಮನೆ ತೆರೆಯಲು ಸಾಧ್ಯವಾದ ಮೇಲೆ ಪಕ್ಕದ ಕೋಣೆ ತೆರೆಯಲು ಅಡ್ಡಿಯೇನು? ಅಡ್ಡಿ ಒಂದಿದೆ. ಏನಾದರೂ ಕೆಟ್ಟರೆ, ಕಳುವಾದರೆ ಸ್ಟಾಕ್ ರಿಜಿಸ್ಟರಿನ ಹೊಣೆ ಹೆಡ್‌ಮಾಸ್ಟರ ತಲೆಗೆ ಬರುತ್ತದೆ. ಅವರ ಭಯ ನ್ಯಾಯವಾದದ್ದೇ. ಬಳಸಿ ಕೆಟ್ಟ ಯಂತ್ರಕ್ಕೆ ಹೆಡ್‌ಮಾಸ್ಟರು ಹೊಣೆಯಲ್ಲ ಎಂದು ಇಲಾಖೆ ಆದೇಶ ಹೊರಡಿಸಿದರೆ ಅರ್ಧ ಕೆಲಸ ಆದಂತೆ.

ಶುರು ಹನೂರಿನಿಂದಾಗಲಿ. ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಮಕ್ಕಳನ್ನು ಕೊಳ್ಳೇಗಾಲಕ್ಕೆ ಕರೆಸಿದರೆ ಬಸ್ಸು ಕಾಯುವುದರಲ್ಲೇ ದಿನ ಕಳೆಯುತ್ತದೆ. ಬೆಳೆದ ಹುಡುಗಿಯನ್ನು ಅಷ್ಟು ದೂರ ಕಳಿಸಲು ಮನೆಯವರು ಹಿಂಜರಿಯುತ್ತಾರೆ. ಹತ್ತು ಲ್ಯಾಪ್‌ಟಾಪ್ ಒಂದು ಜೀಪಿನಲ್ಲಿ ಹಿಡಿಸುತ್ತವೆ. ಅವು ರಾಮಾಪುರಕ್ಕೂ ಮಾರ್ಟಳ್ಳಿಗೂ ಹೋಗಲಿ. ನಮ್ಮೂರ ಶಾಲೆಯಲ್ಲೇ ಎಂದರೆ ಯಾವ ತಾಯಿಯೂ ಬೇಡ ಅನ್ನುವುದಿಲ್ಲ.