ಒಡೆಯನೂ ಓದಿದವನೂ

ಒಂದು ವಸ್ತು ಯಾರದು ಎಂಬ ಪ್ರಶ್ನೆಗೆ ಲೋಕ ಕೊಡುವ ಉತ್ತರ ಬಹಳ ಸುಲಭವಾದುದು. ದುಡ್ಡು ಕೊಟ್ಟು ಕೊಂಡವನದು, ಇಲ್ಲವೆ ಹಿರಿಯರಿಂದ ಪಡೆದವನದು. ಕೊಡೆ, ಕುರ್ಚಿ, ಕೊಡಪಾನಗಳ ಮಟ್ಟಿಗೆ ಈ ಉತ್ತರ ಸಾಕು. ಆದರೆ ಹಳೆಯ ನಾಣ್ಯ, ಹಳೆಯ ಚಿತ್ರ, ಹಳೆಯ ಅಂಚೆ ಚೀಟಿಗಳನ್ನು ಕೂಡಿಡುವ ಹವ್ಯಾಸವುಳ್ಳವರಿಗೆ ಇದು ಅರ್ಧ ಉತ್ತರವಷ್ಟೆ ಎಂದು ನನಗೆ ತೋರುತ್ತದೆ. ಏಕೆಂದರೆ ಅಂಥ ವಸ್ತುವಿಗೆ ಇಬ್ಬರು ಒಡೆಯರು: ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡವನೊಬ್ಬ, ಅದು ಏನೆಂದು ಓದಿ ಹೇಳಿದವನು ಇನ್ನೊಬ್ಬ. ಮೊದಲನೆಯವನ ಹೆಸರು ನಮಗೆ ಗೊತ್ತು, ಎರಡನೆಯವನನ್ನು ನಾವು ನೆನೆಯುವುದೇ ಇಲ್ಲ.

ನನ್ನ ಬಳಿಯೂ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸುಗಳು ಕೆಲವು, ಸಿಂಹವಿರುವವು, ಆನೆಯಿರುವವು. ಇವುಗಳ ನಡುವೆ ಪಿರಿಯಾಪಟ್ಟಣದ ಕಡೆಯ ಹಿರಿಯರೊಬ್ಬರು ಕೊಟ್ಟ ದಪ್ಪನೆಯ ತಾಮ್ರದ ಕಾಸೊಂದಿದೆ. ಅದು ಅವರ ತಾತನ ಕಾಲದಲ್ಲಿ ಹೊಲದಲ್ಲಿ ಸಿಕ್ಕಿದ್ದಂತೆ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಅಕ್ಷರ. ಪಾರಸಿ ಅಂಕಿಗಳನ್ನು ಕಷ್ಟಪಟ್ಟು ಕಲಿತು ಓದುವವನಿಗೆ ಅಲ್ಲಿ 5121 ಎಂಬ ಇಸವಿ ಕಾಣುತ್ತದೆ. ಅಂಥ ಇಸವಿ ಯಾವ ಪಂಚಾಂಗದಲ್ಲಿಯೂ ಇಲ್ಲ! ಟಿಪ್ಪು ಸುಲ್ತಾನನು 1787ರಲ್ಲಿ ನಾಣ್ಯಗಳ ಮೇಲೆ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಶಕೆಯನ್ನು ತಂದನು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು, ಆದ್ದರಿಂದ ಅದನ್ನು 1215 ಎಂದು ಓದಬೇಕು ಎಂಬುದನ್ನು ಆ ಕಾಸು ತಾನಾಗಿ ಹೇಳಲಾರದು. ಹಿಜರಿ 1201 ಆದಮೇಲೆ ಒಮ್ಮೆಗೇ 1215 ಬಂದರೆ ನಡುವಿನ ವರ್ಷಗಳ ಕಾಸುಗಳೆಲ್ಲಿ ಎಂದು ಹುಡುಕಿ ಹುಡುಕಿ ಸೋಲಬೇಕಾಗುತ್ತಿತ್ತು. ಆ ಶ್ರಮವನ್ನು ನನಗೆ ತಪ್ಪಿಸಿದವರು ಯಾರೋ ಇದ್ದಾರೆ.

ಅವರು ಯಾರೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಟಿಪ್ಪುವಿನ ನಾಣ್ಯಗಳ ಮೇಲೆ 1914ರಲ್ಲಿ ಪುಸ್ತಕ ಬರೆದ ಟೇಲರ್ ಒಬ್ಬ ಪಾದ್ರಿ. 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನೆಲ್ಲ ಟಂಕಸಾಲೆಯ ಹೆಸರು, ಇಸವಿ, ಬೆಲೆಗಳ ಪ್ರಕಾರ ವಿಂಗಡಿಸಿ ಗ್ರಂಥ ಪ್ರಕಟಿಸಿದ ಹೆಂಡರ್ಸನ್, ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದವರು. ಅವರ ಮೂಲವಿದ್ಯೆ ಪ್ರಾಣಿಶಾಸ್ತ್ರ. ಚಾಲೆಂಜರ್ ಎಂಬ ಹಡಗು ಸಾಗರಗಳಿಂದ ತಂದ ಏಡಿಗಳ ಒಂದು ವರ್ಗವನ್ನು 1888ರಲ್ಲಿ ವಿವರಿಸಿದವರು ಅವರೇ. ಏಡಿಯ ಕಾಲನ್ನು ಎಣಿಸಿದ ಕಣ್ಣೇ ಟಿಪ್ಪುವಿನ ಆನೆಯ ಸೊಂಡಿಲನ್ನೂ ನೋಡಿತು. ಇವರಿಗಿಂತ ಹಿಂದೆ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಬರೆದ ವಾಲ್ಟರ್ ಎಲಿಯಟ್, ಧಾರವಾಡದ ಕಡೆ ಅಧಿಕಾರಿಯಾಗಿದ್ದಾಗ ಕರ್ನಾಟಕದ 595 ಶಾಸನಗಳ ಪ್ರತಿ ಮಾಡಿಸಿದವರು. ಮುಪ್ಪಿನಲ್ಲಿ ಅವರ ಕಣ್ಣು ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ನಮ್ಮವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಮೇಲೆ ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಹೊರತಂದರು. ಇಂಥವರು ಬರೆದದ್ದನ್ನು ತೆಗೆದುಹಾಕಿದರೆ ನನ್ನ ಡಬ್ಬಿಯಲ್ಲಿ ಉಳಿಯುವುದು ಅರ್ಧ ಸೇರು ತಾಮ್ರ.

ಈ ಮಾತು ನಾಣ್ಯಗಳಿಗೆ ಮಾತ್ರ ಸಲ್ಲುವುದಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹಾದಿಯಲ್ಲಿ ಹೋದವರೆಲ್ಲ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳನ್ನು ನೋಡಿರುತ್ತಾರೆ. ಅಮೆರಿಕದಲ್ಲಿ ಇದೇ ಹೊಗೆಸೊಪ್ಪಿನ ವ್ಯಾಪಾರದಿಂದ ಒಂದು ವಿಚಿತ್ರ ಹವ್ಯಾಸ ಹುಟ್ಟಿತು. ಸಿಗರೇಟಿನ ಪೊಟ್ಟಣ ಮಡಿಸಿಹೋಗದಂತೆ ಒಳಗೊಂದು ಗಟ್ಟಿ ರಟ್ಟು, ಅದರ ಮೇಲೆ ಬೇಸ್‌ಬಾಲ್ ಆಟಗಾರನ ಚಿತ್ರ. ಸೇದುವವರು ಸಿಗರೇಟನ್ನು ಸುಟ್ಟರು, ಮಕ್ಕಳು ರಟ್ಟನ್ನು ಕೂಡಿಟ್ಟರು. ಯಾವ ಕಂಪೆನಿ ಯಾವ ವರ್ಷ ಎಷ್ಟು ಚಿತ್ರ ಹಾಕಿತು ಎಂಬುದಕ್ಕೆ ಲೆಕ್ಕವಿಟ್ಟವರಿರಲಿಲ್ಲ. ಸಿರಕ್ಯೂಸ್ ನಗರದಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯ ಕೆಲಸಗಾರನಾಗಿದ್ದ ಜೆಫರ್ಸನ್ ಬರ್ಡಿಕ್, ಸಂಧಿವಾತದಿಂದ ಕೈಬೆರಳು ಸೊಟ್ಟಗಾಗುತ್ತಿದ್ದರೂ, ಆ ಕಾಡನ್ನು ಹೊಕ್ಕು ಪಟ್ಟಿ ಮಾಡಿದ. ಇಪ್ಪತ್ತನೆಯ ಶತಮಾನದ ತಂಬಾಕಿನ ಚಿತ್ರಗಳಿಗೆ ‘ಟಿ’ ಎಂಬ ಗುರುತಿಟ್ಟು ಒಂದೊಂದು ಮಾಲೆಗೂ ಸಂಖ್ಯೆ ಕೊಟ್ಟ. ತನ್ನ ಮೂರು ಲಕ್ಷಕ್ಕೂ ಮೀರಿದ ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನಮಾಡಿ, ಅಲ್ಲಿಯೇ ಕುಳಿತು ವರ್ಷಗಟ್ಟಲೆ ಅವುಗಳನ್ನು ಆಲ್ಬಂಗಳಿಗೆ ಅಂಟಿಸಿದ. 1963ರ ಜನವರಿಯಲ್ಲಿ ಆ ಕೆಲಸ ಮುಗಿಯಿತು, ಮಾರ್ಚಿಯಲ್ಲಿ ಆತ ತೀರಿಕೊಂಡ. 1909ರಿಂದ 1911ರ ನಡುವೆ ಬಂದ ‘ಟಿ 206’ ಮಾಲೆಯ ಒಂದು ಚಿತ್ರ 2022ರಲ್ಲಿ 72 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಮಾರಿದವನೂ ಕೊಂಡವನೂ ಆಡಿದ ಹೆಸರು ಬರ್ಡಿಕ್ ಇಟ್ಟದ್ದು. ಆ ಹಣದಲ್ಲಿ ಅವನ ಪಾಲು ಒಂದು ಕಾಸೂ ಇಲ್ಲ. ಅದನ್ನು ಬಯಸಿ ಅವನು ಪಟ್ಟಿ ಮಾಡಿದವನೂ ಅಲ್ಲ.

ನಮ್ಮ ಸೀಮೆಗೂ ಒಬ್ಬ ಬರ್ಡಿಕ್ ಬಂದುಹೋಗಿದ್ದಾನೆ ಎಂದರೆ ಅತಿಶಯೋಕ್ತಿಯಾಗಲಾರದು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಹಳ್ಳಿ ಹಳ್ಳಿಯ ಕಲ್ಲುಗಳನ್ನು ಓದಿಸಿ, ತಾಲ್ಲೂಕಿನ ಹೆಸರಿನೊಡನೆ ಒಂದೊಂದಕ್ಕೂ ಸಂಖ್ಯೆಯಿಟ್ಟರು. 1898ರಲ್ಲಿ ಅಚ್ಚಾದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆಗಳ ಶಾಸನಗಳಿವೆ. ಆ ಎಡತೊರೆಯೇ ಮುಂದೆ ಕೃಷ್ಣರಾಜನಗರ ತಾಲ್ಲೂಕಾದದ್ದು. ಸಂಖ್ಯೆ ಬೀಳುವವರೆಗೆ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಬಹುದು, ಚರಂಡಿಯ ಹಾಸಾಗಬಹುದು. ಸಂಖ್ಯೆ ಬಿದ್ದಮೇಲೆ ಅದಕ್ಕೆ ವಿಳಾಸ ದೊರೆತಂತೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಹೆಗ್ಗಡದೇವನಕೋಟೆಯ ಶಾಸನಗಳು ಸೇರಿದ ಮೂರನೆಯ ಸಂಪುಟ ಪ್ರಕಟವಾದದ್ದು 1974ರಲ್ಲಿ. ಅದೇ ತಾಲ್ಲೂಕಿನಲ್ಲಿ ಕಬಿನಿ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಒಂದು ಕಡೆ ಊರುಗಳು ನೀರಿಗೆ ಹೋಗುತ್ತಿದ್ದಾಗ, ಇನ್ನೊಂದು ಕಡೆ ಆ ನಾಡಿನ ಮಾತು ಅಚ್ಚಿಗೆ ಹೋಗುತ್ತಿತ್ತು.

‘ಇದರಿಂದ ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಕಾಸಿನ ಇಸವಿ 1215 ಎಂದಾದರೇನು, 5121 ಎಂದಾದರೇನು, ಹೊಟ್ಟೆ ತುಂಬುತ್ತದೆಯೇ? ತುಂಬುವುದಿಲ್ಲ. ಆದರೆ ಲಾಭವಿರುವ ಕಡೆ ಸತ್ಯ ಹೇಳುವುದಕ್ಕೆ ಬಹುಮಂದಿ ಸಿಗುತ್ತಾರೆ. ಲಾಭವೇನೂ ಇಲ್ಲದ ಸಣ್ಣ ವಿಷಯದಲ್ಲಿ ‘ಇದು ಹೀಗೆ, ಹಾಗಲ್ಲ’ ಎಂದು ಹಟ ಹಿಡಿಯುವವನಲ್ಲಿಯೇ ಸತ್ಯದ ಮೇಲಿನ ಪ್ರೀತಿ ಕಲಬೆರಕೆಯಿಲ್ಲದೆ ಕಾಣುವುದು. ಅದೂ ಅಲ್ಲದೆ, ಆ ಹಟ ಯಾವಾಗಲೂ ಸಂಗ್ರಾಹಕನಿಗೆ ಹಿತವಾಗಿರುವುದಿಲ್ಲ. ನನ್ನ ಪರಿಚಯದ ಒಬ್ಬರು ವಿಜಯನಗರದ ವರಹವೆಂದು ನಂಬಿ ಇಟ್ಟುಕೊಂಡಿದ್ದ ನಾಣ್ಯವನ್ನು ಬಲ್ಲವರೊಬ್ಬರು ನೋಡಿ, ಇದು ಇತ್ತೀಚೆಗೆ ಎರಕ ಹೊಯ್ದದ್ದು ಎಂದರು. ಪರಿಚಯದವರು ಮಾರಿದವನ ಮೇಲೆ ಸಿಟ್ಟಾಗಲಿಲ್ಲ, ಹೇಳಿದವರ ಮನೆಗೆ ಹೋಗುವುದನ್ನು ಬಿಟ್ಟರು! ಸಂಶೋಧಕನಿಗೆ ಲೋಕ ಕೊಡುವ ಸಂಭಾವನೆ ಅನೇಕ ವೇಳೆ ಇಷ್ಟೇ.

ಹಾಗಾದರೆ ಇವರ ಋಣ ತೀರಿಸುವುದು ಹೇಗೆ? ಶಾಲು ಹೊದಿಸಿ, ಗಂಧದ ಹಾರ ಹಾಕಿ, ಫಲತಾಂಬೂಲ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿದೆ. ಅದು ತಪ್ಪಲ್ಲ, ಆದರೆ ಅದರಿಂದ ಋಣ ತೀರದು. ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣಗಳನ್ನು ಹೇಳಿದ ನಮ್ಮ ಹಿರಿಯರು, ಋಷಿಋಣವನ್ನು ತೀರಿಸಲು ಹೋಮವನ್ನು ಹೇಳಲಿಲ್ಲ, ಅಧ್ಯಯನವನ್ನು ಹೇಳಿದರು. ತಿಳಿವನ್ನು ಕೊಟ್ಟವರ ಸಾಲ ತೀರುವುದು ತಿಳಿವಿನಿಂದಲೇ. ಅವರು ಬರೆದದ್ದನ್ನು ಓದಬೇಕು, ಕೈಲಾದರೆ ಒಂದು ಸಾಲು ಸೇರಿಸಬೇಕು.

ಆ ಒಂದು ಸಾಲು ಸಾಮಾನ್ಯ ಸಂಗ್ರಾಹಕನ ಕೈಯಲ್ಲಿಯೂ ಇದೆ. ಕಾಸು ಎಲ್ಲಿ ಸಿಕ್ಕಿತು ಎಂಬುದೇ ಆ ಸಾಲು. ನನ್ನ ಪಿರಿಯಾಪಟ್ಟಣದ ಕಾಸು ಅಚ್ಚಾದದ್ದು ಮಲೆನಾಡಿನ ನಗರದ ಟಂಕಸಾಲೆಯಲ್ಲಿ. ಅದು ಇಷ್ಟು ದೂರ ಬಂದದ್ದು ಅಡಕೆ ವ್ಯಾಪಾರಿಯ ಚೀಲದಲ್ಲಿಯೋ, ಸಿಪಾಯಿಯ ಸೊಂಟದಲ್ಲಿಯೋ? 1791ರಲ್ಲಿ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಕೊಡಗನ್ನು ದಾಟಿ ಪಿರಿಯಾಪಟ್ಟಣದವರೆಗೆ ಬಂದಿತ್ತು. ಒಂದು ಕಾಸು ಏನನ್ನೂ ಸಾಧಿಸಲಾರದು. ಸಿಕ್ಕ ಜಾಗ ಗೊತ್ತಿರುವ ನೂರು ಕಾಸುಗಳಾದರೆ ಮುಂದೆ ಯಾರೋ ಒಬ್ಬ ಪುಣ್ಯಾತ್ಮ ಅದರಿಂದ ಹಳೆಯ ಹಾದಿಯೊಂದನ್ನು ಕಂಡುಹಿಡಿದಾನು. ಆದರೆ ಮಾರುವವರು ಸಿಕ್ಕ ಜಾಗವನ್ನೇ ಮೊದಲು ಮುಚ್ಚಿಡುತ್ತಾರೆ, ಕೊಳ್ಳುವವರು ಕೇಳುವುದಿಲ್ಲ. ಇನ್ನು ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಹಣ, ಉಗುರಿನ ಮೇಲೆ ನಿಲ್ಲುವಷ್ಟು ಪುಟ್ಟ ಚಿನ್ನದ ತುಣುಕು, ಅಕ್ಕಸಾಲೆಯ ಮೂಸೆಯಲ್ಲಿ ಕರಗಿದರೆ ಅದರೊಡನೆ ನರಸಿಂಹನೂ ಹೋದ, ಊರೂ ಹೋಯಿತು.

ಆದ್ದರಿಂದ ಡಬ್ಬಿಯ ಒಂದೊಂದು ಕಾಸನ್ನೂ ನಾನು ಸಣ್ಣ ಲಕೋಟೆಯಲ್ಲಿಟ್ಟು, ಯಾರು ಕೊಟ್ಟರು, ಯಾವ ಊರು, ಯಾವ ಹೊಲವೆಂದು ಕೇಳಿ ಬರೆದಿದ್ದೇನೆ. ಕಾಸುಗಳು ನನ್ನ ಮಕ್ಕಳಿಗೆ ಸೇರಲಿ. ಆ ಬರೆಹ ಮಾತ್ರ ಓದಬಲ್ಲವರಿಗೆ ಸೇರಬೇಕಾದದ್ದು.